ಕ್ಲಾರಾ ಬಾರ್ಟನ್: ಕಾಣೆಯಾದ ಸೈನಿಕರಿಗಾಗಿ ಬಾಡಿಗೆ ಕೋಣೆಯಲ್ಲೇ ಕಚೇರಿ ತೆರೆದ ಮಹಿಳೆ

ಯುದ್ಧಕ್ಕೆ ಹೋದ ಮಗ ಸತ್ತನೆಂದು ಸುದ್ದಿ ಬಂದರೆ ಮನೆಯವರು ಅತ್ತು ಸಮಾಧಾನ ಮಾಡಿಕೊಳ್ಳುತ್ತಾರೆ. ಬದುಕಿದ್ದಾನೆಂದು ಕಾಗದ ಬಂದರೆ ದಾರಿ ಕಾಯುತ್ತಾರೆ. ಎರಡೂ ಬಾರದೇ ಇದ್ದರೆ?

1865ರಲ್ಲಿ ಅಮೆರಿಕದ ಸಾವಿರಾರು ಮನೆಗಳ ಸ್ಥಿತಿ ಹೀಗಿತ್ತು. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಾಲ್ಕು ವರ್ಷ ನಡೆದ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ನಮ್ಮಲ್ಲಿ ಸಿಪಾಯಿ ದಂಗೆ ಅಡಗಿ ಏಳು ವರ್ಷವಾಗಿದ್ದ ಕಾಲವದು. ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಸೈನಿಕರ ಕೊರಳಲ್ಲಿ ಹೆಸರು, ನಂಬರು ಕೆತ್ತಿದ ಬಿಲ್ಲೆ ಇರುತ್ತಿರಲಿಲ್ಲ. ಅದು ಅಮೆರಿಕದ ಸೈನ್ಯಕ್ಕೆ ಬಂದದ್ದು 1906ರಲ್ಲಿ. ದೊಡ್ಡ ಕಾಳಗದ ಹಿಂದಿನ ರಾತ್ರಿ ಕೆಲವರು ಚೀಟಿಯಲ್ಲಿ ಹೆಸರು ಬರೆದು ಕೋಟಿಗೆ ಚುಚ್ಚಿಕೊಳ್ಳುತ್ತಿದ್ದರು. ಮಳೆಗೋ ರಕ್ತಕ್ಕೋ ಅದು ತೊಯ್ದುಹೋದರೆ ಮುಗಿಯಿತು, ಆ ದೇಹ ಯಾರದ್ದೆಂದು ಹೇಳುವವರಿಲ್ಲ. ಸತ್ತವರ ಮನೆಗೆ ಸುದ್ದಿ ಮುಟ್ಟಿಸಲು ಸೈನ್ಯದಲ್ಲಿ ಪ್ರತ್ಯೇಕ ವ್ಯವಸ್ಥೆಯೂ ಇರಲಿಲ್ಲ. ಕ್ಯಾಪ್ಟನ್‌ಗೋ ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನಿಗೋ ಪುರುಸೊತ್ತು ಸಿಕ್ಕರೆ ಒಂದು ಕಾಗದ ಬರೆದಾರು, ಅಷ್ಟೇ.

ಇದು ಬರೀ ಕಣ್ಣೀರಿನ ಪ್ರಶ್ನೆ ಆಗಿರಲಿಲ್ಲ. 1862ರ ಕಾನೂನಿನಂತೆ ಸಾಮಾನ್ಯ ಸೈನಿಕನ ವಿಧವೆಗೆ ತಿಂಗಳಿಗೆ 8 ಡಾಲರ್ ಪಿಂಚಣಿ ಸಿಗುತ್ತಿತ್ತು. ಆದರೆ ಗಂಡ ಸತ್ತಿದ್ದಾನೆಂದು ಸಾಬೀತು ಮಾಡಬೇಕು. ದಾಖಲೆಯಲ್ಲಿ ‘ಕಾಣೆ’ ಎಂದಿದ್ದರೆ ಪಿಂಚಣಿಯೂ ಇಲ್ಲ, ಬಾಕಿ ಸಂಬಳವೂ ಇಲ್ಲ. ಆಕೆ ಮುತ್ತೈದೆಯೋ ವಿಧವೆಯೋ ಎಂಬುದೇ ತೀರ್ಮಾನವಾಗದು. ಹೀಗೆ ನಡುನೀರಿನಲ್ಲಿ ನಿಂತ ಹೆಂಗಸರು, ಮುದುಕ ತಂದೆತಾಯಂದಿರು ಕಾಗದ ಬರೆಯಬಹುದಾದ ಒಂದು ವಿಳಾಸ ಕೊನೆಗೂ ಹುಟ್ಟಿಕೊಂಡಿತು. ವಾಷಿಂಗ್ಟನ್ ನಗರದ ಸೆವೆಂತ್ ಸ್ಟ್ರೀಟ್, ಮೂರನೇ ಮಹಡಿ, ಕೋಣೆ ಸಂಖ್ಯೆ 9. ಅಲ್ಲಿ ಬಾಡಿಗೆಗಿದ್ದವರು 43 ವರ್ಷದ ಅವಿವಾಹಿತ ಮಹಿಳೆ ಕ್ಲಾರಾ ಬಾರ್ಟನ್.

ಕ್ಲಾರಾ ಬಾರ್ಟನ್ ಎಂದರೆ ಅಮೆರಿಕನ್ ರೆಡ್ ಕ್ರಾಸ್ ಸ್ಥಾಪಿಸಿದವರು ಎಂದೇ ಶಾಲಾ ಪುಸ್ತಕಗಳು ಹೇಳುತ್ತವೆ. ಅದು ಸರಿಯೇ. ಆದರೆ ಅದಕ್ಕೂ 16 ವರ್ಷ ಮೊದಲು ಈ ಬಾಡಿಗೆ ಕೋಣೆಯಲ್ಲಿ ಅವರು ಮಾಡಿದ ಕೆಲಸ ಹೊರಗೆ ಅಷ್ಟು ಗೊತ್ತಿಲ್ಲ.

ನಾಚಿಕೆಯ ಹುಡುಗಿ, ಖಡಕ್ ಮೇಷ್ಟ್ರು

ಕ್ಲಾರಾ ಹುಟ್ಟಿದ್ದು 1821ರ ಡಿಸೆಂಬರ್ 25ರಂದು, ಮಸಾಚುಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ. ಐವರು ಮಕ್ಕಳಲ್ಲಿ ಕಡೆಯವರು. ಅಪ್ಪ ಸ್ಟೀಫನ್ ಬಾರ್ಟನ್ ಹಿಂದೆ ಸೈನ್ಯದಲ್ಲಿದ್ದವರು. ರಾತ್ರಿ ಹೊತ್ತು ಮಗಳನ್ನು ಕೂರಿಸಿಕೊಂಡು ಯುದ್ಧದ ಕತೆ ಹೇಳುತ್ತಿದ್ದರು. ಪದಾತಿ ಪಡೆ ಯಾವುದು, ಫಿರಂಗಿ ದಳ ಯಾವುದು, ಯಾರ ಮೇಲೆ ಯಾವ ಅಧಿಕಾರಿ ಎಂಬುದೆಲ್ಲ ಹುಡುಗಿಗೆ ಬಾಯಿಪಾಠವಾಗಿತ್ತು. ಮುಂದೊಂದು ದಿನ ಸಾವಿರಾರು ಸೈನಿಕರ ರೆಜಿಮೆಂಟು, ಕಂಪನಿಗಳನ್ನು ಪುಸ್ತಕಕ್ಕೆ ಏರಿಸುವಾಗ ಈ ವಿದ್ಯೆ ಉಪಯೋಗಕ್ಕೆ ಬಂತು.

ಕ್ಲಾರಾ ವಿಪರೀತ ನಾಚಿಕೆಯ ಹುಡುಗಿ. ಆಕೆಗೆ 11 ವರ್ಷವಿದ್ದಾಗ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದ. ಸುಮಾರು ಎರಡು ವರ್ಷ ಅವನ ಆರೈಕೆ ಮಾಡಿದ್ದು ಈ ತಂಗಿಯೇ. ನಾಚಿಕೆ ಬಿಡಲೆಂದು ಮನೆಯವರು ಮೇಷ್ಟ್ರ ಕೆಲಸಕ್ಕೆ ಹಚ್ಚಿದರು. ಹದಿಹರೆಯದಲ್ಲೇ ಶುರುವಾದ ಆ ಕೆಲಸದಲ್ಲಿ ಪುಂಡ ಹುಡುಗರನ್ನೂ ಬೆತ್ತವಿಲ್ಲದೆ ಹತೋಟಿಗೆ ತಂದ ಹೆಸರು ಬಂತು.

1852ರಲ್ಲಿ ನ್ಯೂಜೆರ್ಸಿಯ ಬೋರ್ಡನ್‌ಟೌನ್‌ನಲ್ಲಿ ಬಡಮಕ್ಕಳಿಗಾಗಿ ಉಚಿತ ಶಾಲೆ ತೆರೆದರು. ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ಶಾಲೆ ನೂರಾರು ಮಕ್ಕಳಿಗೆ ಬೆಳೆಯಿತು. ಊರಿನವರು ಹೊಸ ಕಟ್ಟಡವನ್ನೂ ಕಟ್ಟಿಸಿದರು. ಆಮೇಲೆ ಆದದ್ದು ಇಂದಿಗೂ ಅನೇಕರಿಗೆ ಪರಿಚಿತ ಅನಿಸೀತು. ಇಷ್ಟು ದೊಡ್ಡ ಶಾಲೆಯನ್ನು ಹೆಂಗಸು ನಡೆಸುವುದೇ ಎಂದು ಆಡಳಿತ ಮಂಡಳಿ ಹೊರಗಿನಿಂದ ಒಬ್ಬ ಗಂಡಸನ್ನು ತಂದು, ಕ್ಲಾರಾ ಅವರಿಗಿಂತ ಹೆಚ್ಚು ಸಂಬಳ ಕೊಟ್ಟು, ಅವರ ಮೇಲೆ ಮುಖ್ಯಸ್ಥನಾಗಿ ಕೂರಿಸಿತು. ಕ್ಲಾರಾ ರಾಜೀನಾಮೆ ಕೊಟ್ಟು ವಾಷಿಂಗ್ಟನ್‌ಗೆ ಹೊರಟರು.

ಅಲ್ಲಿ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಗಂಡಸರಿಗೆ ಸಮನಾಗಿ ವರ್ಷಕ್ಕೆ 1,400 ಡಾಲರ್ ಸಂಬಳ. ಸರ್ಕಾರಿ ಕಚೇರಿಯಲ್ಲಿ ಹೆಂಗಸೊಬ್ಬಳು ಅಷ್ಟು ಸಂಬಳ ಎಣಿಸುವುದು ಆ ಕಾಲಕ್ಕೆ ಸುದ್ದಿಯೇ. ಸಹೋದ್ಯೋಗಿಗಳ ಕುಹಕ, ಮೇಲಧಿಕಾರಿಗಳ ಬದಲಾವಣೆಯಿಂದಾಗಿ ಆ ಸಂಬಳ ಹೆಚ್ಚು ದಿನ ಉಳಿಯಲಿಲ್ಲ. ನೂರು ಪದ ನಕಲು ಮಾಡಿದರೆ ಹತ್ತು ಸೆಂಟ್ ಎಂಬ ಲೆಕ್ಕಕ್ಕೆ ಇಳಿಸಿದರು, ನಂತರ ಮನೆಗೇ ಕಳಿಸಿದರು. ಲಿಂಕನ್ ಚುನಾವಣೆ ಗೆದ್ದ ಬಳಿಕವೇ ಅವರಿಗೆ ಮತ್ತೆ ಕೆಲಸ ಸಿಕ್ಕಿದ್ದು.

ರಣರಂಗದಲ್ಲೊಂದು ನೋಟ್‌ಬುಕ್

1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಮಸಾಚುಸೆಟ್ಸ್‌ನ 6ನೇ ರೆಜಿಮೆಂಟ್ ರಾಜಧಾನಿಗೆ ಬರುವ ದಾರಿಯಲ್ಲಿ, ಬಾಲ್ಟಿಮೋರ್‌ನಲ್ಲಿ ಉದ್ರಿಕ್ತ ಗುಂಪು ಮುತ್ತಿಗೆ ಹಾಕಿತು. ಪೆಟ್ಟು ತಿಂದು, ಸಾಮಾನು ಕಳೆದುಕೊಂಡು ಬಂದ ಆ ಹುಡುಗರನ್ನು ಸೆನೆಟ್ ಸಭಾಂಗಣದಲ್ಲೇ ಇರಿಸಿದ್ದರು. ನೋಡಲು ಹೋದ ಕ್ಲಾರಾ ಅವರಿಗೆ ಕಂಡದ್ದು ತಮ್ಮದೇ ಹಳೆಯ ವಿದ್ಯಾರ್ಥಿಗಳು. ಮನೆಯಲ್ಲಿದ್ದ ಬಟ್ಟೆ, ಟವೆಲು, ಸೂಜಿ ದಾರ, ತಿನಿಸು ಎಲ್ಲವನ್ನೂ ಕಟ್ಟಿಕೊಂಡು ಹೋದರು. ಊರಿನ ಹೆಂಗಸರಿಗೆ ಕಾಗದ ಬರೆದು ಸಾಮಾನು ತರಿಸತೊಡಗಿದರು. ಸೆವೆಂತ್ ಸ್ಟ್ರೀಟಿನ ಬಾಡಿಗೆ ಕೋಣೆ ಗೋದಾಮಾಯಿತು.

ಹೆಂಗಸರನ್ನು ರಣರಂಗಕ್ಕೆ ಬಿಡುತ್ತಿರಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು 1862ರ ಆಗಸ್ಟ್‌ನಲ್ಲಿ ಅಪ್ಪಣೆ ಪಡೆದರು. ಸೀಡರ್ ಮೌಂಟನ್, ಎರಡನೇ ಬುಲ್ ರನ್, ಆಂಟಿಟಮ್, ಫ್ರೆಡರಿಕ್ಸ್‌ಬರ್ಗ್ ಹೀಗೆ ಕಾಳಗ ನಡೆದ ಕಡೆಗೆಲ್ಲ ಬಂಡಿಯಲ್ಲಿ ಬ್ಯಾಂಡೇಜು, ಔಷಧ, ಆಹಾರ ತುಂಬಿಕೊಂಡು ಹೋದರು. ಸೆಪ್ಟೆಂಬರ್ 17ರಂದು ಆಂಟಿಟಮ್‌ನಲ್ಲಿ ಗಾಯಾಳು ಒಬ್ಬನಿಗೆ ನೀರು ಕುಡಿಸುತ್ತಿದ್ದಾಗ ಗುಂಡೊಂದು ಅವರ ತೋಳಿನ ಬಟ್ಟೆಯನ್ನು ತೂರಿ ಆತನಿಗೆ ತಗುಲಿತು. ಅವರ ಕೈಯಲ್ಲೇ ಅವನು ಜೀವ ಬಿಟ್ಟ. ರಣರಂಗದ ದೇವತೆ ಎಂಬ ಬಿರುದು ಅವರಿಗೆ ಅಂಟಿಕೊಂಡಿದ್ದು ಈ ದಿನಗಳಲ್ಲೇ.

ಬಿರುದಿಗಿಂತ ಮುಖ್ಯವಾದದ್ದು ಅವರ ಜೇಬಿನಲ್ಲಿದ್ದ ಸಣ್ಣ ನೋಟ್‌ಬುಕ್. ಸಾಯುತ್ತಿದ್ದವರ ಹೆಸರು, ಊರು, ಮನೆಗೆ ಹೇಳಬೇಕಾದ ಮಾತು ಎಲ್ಲವನ್ನೂ ಅದರಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ಮನೆಯವರಿಗೆ ಕಾಗದ ಬರೆಯುತ್ತಿದ್ದರು. ಬಾಯಿಂದ ಬಾಯಿಗೆ ಈ ವಿಷಯ ಹಬ್ಬಿತು. ನನ್ನ ಮಗನನ್ನು ಎಲ್ಲಾದರೂ ಕಂಡಿರಾ ಎಂದು ಕೇಳುವ ಪತ್ರಗಳು ಒಂದೊಂದಾಗಿ ಬರತೊಡಗಿದವು.

ಲಿಂಕನ್ ಕೊಟ್ಟ ಒಪ್ಪಿಗೆ

1865ರ ಆರಂಭದಲ್ಲಿ ದಕ್ಷಿಣದ ಜೈಲುಗಳಿಂದ ಬಿಡುಗಡೆಯಾದ ಸೈನಿಕರು ಮೇರಿಲ್ಯಾಂಡಿನ ಅನಾಪೊಲಿಸ್ ಬಂದರಿಗೆ ಬಂದಿಳಿಯುತ್ತಿದ್ದರು. ಮೂಳೆ ಚಕ್ಕಳವಾಗಿದ್ದ ಅವರಿಗೆ ಜೊತೆಯಲ್ಲಿದ್ದು ಸತ್ತವರ ಹೆಸರುಗಳು ಗೊತ್ತಿದ್ದವು. ಇವರನ್ನು ಕೇಳಿ ಬರೆದುಕೊಂಡರೆ ಎಷ್ಟೋ ಮನೆಗಳಿಗೆ ಉತ್ತರ ಸಿಕ್ಕೀತು ಎಂದು ಕ್ಲಾರಾ ಅವರಿಗೆ ಹೊಳೆಯಿತು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಕಾಣಲು ಶ್ವೇತಭವನಕ್ಕೆ ಹಲವು ಸಲ ಹೋದರೂ ಭೇಟಿಯಾಗಲಿಲ್ಲ. ಸೆನೆಟರ್ ಹೆನ್ರಿ ವಿಲ್ಸನ್ ನೆರವಿನಿಂದ ಮಾರ್ಚ್‌ನಲ್ಲಿ ಲಿಂಕನ್ ಒಪ್ಪಿಗೆಯ ಪತ್ರ ಸಿಕ್ಕಿತು. ಕಾಣೆಯಾದವರ ವಿವರವನ್ನು ಮಿಸ್ ಬಾರ್ಟನ್ ಅವರಿಗೆ ಬರೆದು ಕಳಿಸಿ ಎಂದು ಜನರಿಗೆ ತಿಳಿಸುವ ಪತ್ರವದು. ಅದೇ ತಿಂಗಳು ಅಣ್ಣ ಸ್ಟೀಫನ್ ತೀರಿಕೊಂಡರು. ಮರುತಿಂಗಳು ಲಿಂಕನ್ ಹತ್ಯೆಯಾಯಿತು. ದುಃಖಪಡಲು ಸಮಯವಿರಲಿಲ್ಲ. ಪತ್ರಗಳು ಕಟ್ಟು ಕಟ್ಟಾಗಿ ಬಂದು ಬೀಳುತ್ತಿದ್ದವು.

ಕೆಲಸದ ರೀತಿ ಸರಳವಾಗಿತ್ತು, ಆದರೆ ಬೆನ್ನು ಮುರಿಯುವಂಥದ್ದು. ಪತ್ರ ಬಂದ ಕೂಡಲೇ ಕಾಣೆಯಾದವನ ಹೆಸರು, ರೆಜಿಮೆಂಟು, ಕಂಪನಿ, ಕೊನೆಯ ಸಲ ಎಲ್ಲಿ ಕಂಡದ್ದು ಎಂಬುದನ್ನು ಪುಸ್ತಕಕ್ಕೆ ಏರಿಸಬೇಕು. ರಾಜ್ಯವಾರು ಪಟ್ಟಿ ಮಾಡಬೇಕು. ಅದನ್ನು ಅಚ್ಚು ಹಾಕಿಸಿ ಊರೂರಿನ ಅಂಚೆ ಕಚೇರಿಗಳಲ್ಲಿ ಅಂಟಿಸಬೇಕು, ಪತ್ರಿಕೆಗಳಿಗೆ ಕಳಿಸಬೇಕು. ಊರಿಗೆ ಮರಳಿದ ಯಾವನೋ ಮಾಜಿ ಸೈನಿಕ ಅಂಚೆ ಕಚೇರಿಯ ಗೋಡೆ ನೋಡುತ್ತ ನಿಂತಾಗ ಗೊತ್ತಿದ್ದ ಹೆಸರೊಂದು ಕಣ್ಣಿಗೆ ಬಿದ್ದರೆ ವಾಷಿಂಗ್ಟನ್‌ಗೆ ಬರೆಯುತ್ತಾನೆ. ಇವನು ನನ್ನ ಪಕ್ಕದಲ್ಲೇ ಇದ್ದ, ಇಂಥ ಹೊಳೆಯ ದಂಡೆಯಲ್ಲಿ ಬಿದ್ದ, ಇಂಥ ಮರದ ಕೆಳಗೆ ನಾವೇ ಹೂತೆವು ಎನ್ನುತ್ತಾನೆ. ಅದು ಕೋಣೆ ಸಂಖ್ಯೆ 9ರಿಂದ ಮನೆಯವರಿಗೆ ತಲುಪುತ್ತದೆ. ಪಿಂಚಣಿ ಕೇಳಲು ಆ ಕಾಗದವೇ ಆಧಾರ.

ಮೊದಲ ಪಟ್ಟಿಯಲ್ಲಿ ಸುಮಾರು ಒಂದೂವರೆ ಸಾವಿರ ಹೆಸರುಗಳಿದ್ದವು. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಸರ್ಕಾರಿ ಮುದ್ರಣಾಲಯದಲ್ಲಿ 20,000 ಪ್ರತಿ ಅಚ್ಚು ಹಾಕಿಸಲು ಆದೇಶಿಸಿದರು. ಒಟ್ಟು ಐದು ಪಟ್ಟಿಗಳು ಹೊರಬಂದವು. ಗುಮಾಸ್ತರ ಸಂಬಳ, ಕಾಗದ, ಶಾಯಿ ಎಲ್ಲಕ್ಕೂ ಮೊದಲು ಹಣ ಹಾಕಿದ್ದು ಕ್ಲಾರಾ ಅವರೇ. ಕೆಲಸ ಶುರುವಾಗಿ ವರ್ಷದ ಮೇಲೆ, 1866ರ ಮಾರ್ಚ್‌ನಲ್ಲಿ, ಸಂಸತ್ತು 15,000 ಡಾಲರ್ ಮಂಜೂರು ಮಾಡಿತು.

ಎಲ್ಲ ಉತ್ತರವೂ ಸಾವಿನ ಸುದ್ದಿಯೇ ಆಗಿರಲಿಲ್ಲ. ಒಮ್ಮೆ ಇಲಿನಾಯ್ ಕಡೆಯಿಂದ ಕೋಪದ ಪತ್ರವೊಂದು ಬಂತು. ಬರೆದವನು ಪಟ್ಟಿಯಲ್ಲಿ ಹೆಸರಿದ್ದ ಸೈನಿಕನೇ! ತಾನೇನು ತಪ್ಪು ಮಾಡಿದ್ದೇನೆಂದು ದೇಶದ ತುಂಬ ಹೆಸರು ಹಾಕಿ ಮಾನ ಕಳೆದಿದ್ದೀರಿ, ಮನೆಯವರಿಗೆ ತಿಳಿಸಬೇಕು ಅನಿಸಿದಾಗ ತಾನೇ ತಿಳಿಸುತ್ತೇನೆ ಎಂಬುದು ಅವನ ತಕರಾರು. ಕ್ಲಾರಾ ಕ್ಷಮೆ ಕೇಳಲಿಲ್ಲ. ಅವನಿಗೆ ಮನೆಯವರ ಮೇಲೆ ಇರುವುದಕ್ಕಿಂತ ಮನೆಯವರಿಗೆ ಅವನ ಮೇಲೆ ಇದ್ದ ಪ್ರೀತಿ ಹೆಚ್ಚಾದದ್ದೇ ತಪ್ಪು ಎಂದು ಖಾರವಾಗಿ ಬರೆದರು. ತಾಯಿ ಮಗನ ದಾರಿ ಕಾಯುತ್ತಲೇ ಸತ್ತಳೆಂದೂ, ಸಾಯುವಾಗ ಹೇಳಿದ ಮಾತಿನಂತೆ ತಂಗಿ ಹುಡುಕಿಸುತ್ತಿದ್ದಳೆಂದೂ ತಿಳಿಸಿದರು. ಬದುಕಿರುವ ವಿಷಯವನ್ನು ಅವನು ಹೇಳದೇ ಇರಬಹುದಾದ್ದರಿಂದ ತಾವೇ ಆಕೆಗೆ ಬರೆಯುವುದಾಗಿಯೂ ಸೇರಿಸಿದರು. ಬೋರ್ಡನ್‌ಟೌನ್‌ನ ಮೇಷ್ಟ್ರು ಎಲ್ಲೂ ಹೋಗಿರಲಿಲ್ಲ.

ಕೋಟಿನೊಳಗೆ ಹೊಲಿದ ಪಟ್ಟಿ

ಮೊದಲ ಪಟ್ಟಿ ನೋಡಿ ಬರೆದವರಲ್ಲಿ ಡೊರೆನ್ಸ್ ಆಟ್‌ವಾಟರ್ ಎಂಬ ಹುಡುಗನಿದ್ದ. ಕನೆಕ್ಟಿಕಟ್ ರಾಜ್ಯದವನು, ವಯಸ್ಸು ಇಪ್ಪತ್ತರ ಆಸುಪಾಸು. 1863ರಲ್ಲಿ ಸೆರೆ ಸಿಕ್ಕು ಜಾರ್ಜಿಯಾದ ಆಂಡರ್ಸನ್‌ವಿಲ್ ಜೈಲು ಸೇರಿದ್ದ. ಜೈಲೆಂದರೆ ಕಟ್ಟಡವಲ್ಲ, ಮರದ ದಿಮ್ಮಿಗಳ ಬೇಲಿಯೊಳಗಿನ ಬಯಲು. 14 ತಿಂಗಳಲ್ಲಿ ಸುಮಾರು 45,000 ಖೈದಿಗಳು ಅಲ್ಲಿಗೆ ಬಂದರು. ಹಸಿವು, ಭೇದಿ, ಸ್ಕರ್ವಿಯಿಂದ 13,000ದಷ್ಟು ಮಂದಿ ಸತ್ತರು. ಅಕ್ಷರ ಚೆನ್ನಾಗಿದ್ದ ಆಟ್‌ವಾಟರ್‌ಗೆ ಸಾವಿನ ದಾಖಲೆ ಬರೆಯುವ ಕೆಲಸ ಕೊಟ್ಟಿದ್ದರು. ಈ ಪುಸ್ತಕ ಉತ್ತರದವರ ಕೈಗೆ ಎಂದೂ ಸಿಗಲಾರದು ಎಂಬ ಅನುಮಾನದಿಂದ ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದ. ಬಿಡುಗಡೆಯಾದಾಗ ಅದನ್ನು ಕೋಟಿನ ಲೈನಿಂಗ್ ಒಳಗೆ ಅಡಗಿಸಿಕೊಂಡು ಹೊರಬಂದ.

ಆ ಪಟ್ಟಿಯ ಬೆಲೆ ಕ್ಲಾರಾ ಅವರಿಗೆ ತಕ್ಷಣ ತಿಳಿಯಿತು. ಆಂಡರ್ಸನ್‌ವಿಲ್‌ನಲ್ಲಿ ಹೆಣಗಳನ್ನು ಉದ್ದದ ಗುಂಡಿಗಳಲ್ಲಿ ಸಾಲಾಗಿ ಹೂತು ಗೂಟದ ಮೇಲೆ ಸಂಖ್ಯೆ ಮಾತ್ರ ಬರೆದಿದ್ದರು. ಸಂಖ್ಯೆಗೆ ಹೆಸರು ಯಾವುದೆಂದು ಹೇಳುವುದು ಪಟ್ಟಿ ಮಾತ್ರ. ಅವರು ಯುದ್ಧ ಇಲಾಖೆಯನ್ನು ಒಪ್ಪಿಸಿದರು. 1865ರ ಜುಲೈನಲ್ಲಿ ಕ್ಯಾಪ್ಟನ್ ಜೇಮ್ಸ್ ಮೂರ್ ನೇತೃತ್ವದಲ್ಲಿ ಕೆಲಸಗಾರರ ತಂಡ ಹೊರಟಿತು. ಕ್ಲಾರಾ, ಆಟ್‌ವಾಟರ್ ಇಬ್ಬರೂ ಜೊತೆಗಿದ್ದರು. ಹೆಂಗಸು ಜೊತೆಗೆ ಬಂದದ್ದು ಕ್ಯಾಪ್ಟನ್‌ಗೆ ಇಷ್ಟವಿರಲಿಲ್ಲ, ದಾರಿಯುದ್ದಕ್ಕೂ ಇಬ್ಬರಿಗೂ ಸರಿಬೀಳಲಿಲ್ಲ. ಆದರೂ ಆ ಉರಿಬಿಸಿಲಿನಲ್ಲಿ ಕೆಲಸ ನಡೆಯಿತು. ಸುಮಾರು 13,000 ಸಮಾಧಿಗಳ ಮೇಲೆ ಹೆಸರು ಬರೆದ ಹಲಗೆ ನಿಂತಿತು. ಗುರುತು ಸಿಗದೆ ಉಳಿದವು ಸುಮಾರು 460 ಮಾತ್ರ. ಆಗಸ್ಟ್ 17ರಂದು ಅಲ್ಲಿ ಧ್ವಜ ಹಾರಿಸಿದವರು ಕ್ಲಾರಾ.

ಅಲ್ಲಿದ್ದ ದಿನಗಳಲ್ಲಿ ಸುತ್ತಲಿನ ತೋಟಗಳ ಕಪ್ಪು ಜನ ಮೈಲುಗಟ್ಟಲೆ ನಡೆದು ಅವರನ್ನು ನೋಡಲು ಬರುತ್ತಿದ್ದರು. ಲಿಂಕನ್ ನಿಜವಾಗಿಯೂ ಸತ್ತರೇ, ಅವರು ಸತ್ತ ಮೇಲೂ ನಾವು ಸ್ವತಂತ್ರರೇ ಎಂಬುದು ಅವರ ಪ್ರಶ್ನೆ. ಗುಲಾಮಗಿರಿಯಿಂದ ಬಿಡುಗಡೆಯಾದ ಸುದ್ದಿಯನ್ನೂ ಅವರಿಗೆ ಯಾರೂ ಸರಿಯಾಗಿ ಮುಟ್ಟಿಸಿರಲಿಲ್ಲ. ಕೂಲಿಯ ಬಗ್ಗೆ ಸರ್ಕಾರದ ಆದೇಶ ಏನು ಹೇಳುತ್ತದೆಂದು ಕ್ಲಾರಾ ಕೂರಿಸಿಕೊಂಡು ವಿವರಿಸಿದರು. ಮರುವರ್ಷ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಡುವಾಗ ಈ ವಿಷಯವನ್ನೂ ಹೇಳಿದರು.

ಆಟ್‌ವಾಟರ್‌ಗೆ ಸಿಕ್ಕ ಬಹುಮಾನ ಮಾತ್ರ ವಿಚಿತ್ರ. ನಕಲು ಮಾಡಿಕೊಳ್ಳಲೆಂದು ಯುದ್ಧ ಇಲಾಖೆ ಪಟ್ಟಿಯನ್ನು ಪಡೆದಿತ್ತು. ಅದು ತನ್ನದು, ಮನೆಮನೆಗೆ ತಲುಪುವಂತೆ ಪ್ರಕಟಿಸಬೇಕು ಎಂದು ಅವನು. ಅದು ಸರ್ಕಾರದ ಸ್ವತ್ತು ಎಂದು ಇಲಾಖೆ. ಅವನು ಪಟ್ಟಿಯನ್ನು ವಾಪಸ್ ಎತ್ತಿಕೊಂಡಾಗ ಬಂಧಿಸಿ, ಕಳ್ಳತನದ ಆರೋಪದ ಮೇಲೆ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ, 18 ತಿಂಗಳ ಕಠಿಣ ಶಿಕ್ಷೆ ವಿಧಿಸಿದರು. ಶತ್ರುವಿನ ಜೈಲಿನಿಂದ ಬದುಕಿ ಬಂದವನು ತನ್ನದೇ ಸರ್ಕಾರದ ಜೈಲಿಗೆ ಹೋದ. ಅವನ ಬಿಡುಗಡೆಗಾಗಿ ಕ್ಲಾರಾ ಓಡಾಡಿದರು. ಕೆಲವು ತಿಂಗಳಲ್ಲೇ ಹೊರಬಂದ ಅವನು 1866ರ ಫೆಬ್ರವರಿಯಲ್ಲಿ ಹೊರೇಸ್ ಗ್ರೀಲಿ ಅವರ ನ್ಯೂಯಾರ್ಕ್ ಟ್ರಿಬ್ಯೂನ್ ಮೂಲಕ ಪಟ್ಟಿಯನ್ನು ಪ್ರಕಟಿಸಿದ. ಅದರ ಜೊತೆ ಕ್ಲಾರಾ ಅವರ ವರದಿಯೂ ಇತ್ತು. ಮುಂದೆ ಆಟ್‌ವಾಟರ್ ಸೇಶೆಲ್ಸ್, ತಾಹಿತಿ ದ್ವೀಪಗಳಲ್ಲಿ ಅಮೆರಿಕದ ಕಾನ್ಸಲ್ ಆದ. ದಾಖಲೆಯಲ್ಲಿದ್ದ ಕಳಂಕವನ್ನು ಸಂಸತ್ತು ತೊಡೆದದ್ದು 1898ರಲ್ಲಿ, 30ಕ್ಕೂ ಹೆಚ್ಚು ವರ್ಷಗಳ ನಂತರ.

ಧ್ವನಿಯೇ ಹೋಯಿತು

ಸಂಸತ್ತು ಕೊಟ್ಟ ಹಣದ ಜೊತೆಗೆ ತಮ್ಮ ಜೀವನೋಪಾಯವನ್ನೂ ನೋಡಿಕೊಳ್ಳಬೇಕಿತ್ತು. ಕ್ಲಾರಾ ಊರೂರು ತಿರುಗಿ ಯುದ್ಧದ ಅನುಭವದ ಬಗ್ಗೆ ಭಾಷಣ ಮಾಡತೊಡಗಿದರು. ಟಿಕೆಟ್ ಕೊಂಡು ಜನ ಸೇರುತ್ತಿದ್ದರು. ಬಾಲ್ಯದಲ್ಲಿ ಅಪರಿಚಿತರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ಈ ಪುಟ್ಟ ಆಳ್ತನದ ಮಹಿಳೆ ಎರಡು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಮಾತಾಡಿದರು. 1868ರಲ್ಲಿ ಒಂದು ಸಂಜೆ ವೇದಿಕೆಯ ಮೇಲೆ ನಿಂತಾಗ ಧ್ವನಿಯೇ ಹೊರಡಲಿಲ್ಲ.

ಕಚೇರಿ ಮುಚ್ಚಿತು. ಆ ಹೊತ್ತಿಗೆ 63,182 ಪತ್ರಗಳು ಬಂದಿದ್ದವು, 41,855 ಉತ್ತರಗಳು ಹೋಗಿದ್ದವು. ಸುಮಾರು 22,000 ಸೈನಿಕರಿಗೆ ಏನಾಯಿತು ಎಂಬುದು ಪತ್ತೆಯಾಗಿತ್ತು. ಬೆರಳೆಣಿಕೆಯ ಗುಮಾಸ್ತರು, ಸೀಮೆಎಣ್ಣೆ ದೀಪ, ಕೈಬರಹದ ಪುಸ್ತಕ, ಇಷ್ಟರಲ್ಲೇ ಆದ ಕೆಲಸ. ಉಳಿದ ಸಾವಿರಾರು ಮಂದಿಯ ಮನೆಗಳಿಗೆ ಉತ್ತರ ಹೋಗಲೇ ಇಲ್ಲ ಎಂಬುದೂ ಅಷ್ಟೇ ನಿಜ.

ವಿಶ್ರಾಂತಿಗೆಂದು ವೈದ್ಯರು ಯುರೋಪಿಗೆ ಕಳಿಸಿದರು. ಜಿನೀವಾದಲ್ಲಿ ರೆಡ್ ಕ್ರಾಸ್ ಬಗ್ಗೆ ಕೇಳಿದವರು ಸುಮ್ಮನೆ ಕೂರಲಿಲ್ಲ. ಫ್ರಾನ್ಸ್ ಮತ್ತು ಪ್ರಷ್ಯಾ ಯುದ್ಧದಲ್ಲಿ ಹಾಳಾದ ಸ್ಟ್ರಾಸ್‌ಬರ್ಗ್‌ನಲ್ಲಿ ಬಡ ಹೆಂಗಸರಿಗೆ ಹೊಲಿಗೆ ಕೆಲಸ ಕೊಡುವ ಕೇಂದ್ರ ನಡೆಸಿದರು. ಊರಿಗೆ ಮರಳಿ 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಸ್ಥಾಪಿಸಿದರು. 1889ರ ಜಾನ್ಸ್‌ಟೌನ್ ಪ್ರವಾಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಐದು ತಿಂಗಳು ಅಲ್ಲೇ ಬೀಡುಬಿಟ್ಟರು. 1900ರ ಗಾಲ್ವೆಸ್ಟನ್ ಚಂಡಮಾರುತದ ಸ್ಥಳಕ್ಕೆ ಹೋದಾಗ ಅವರಿಗೆ 78 ವರ್ಷ.

ಎಲ್ಲವನ್ನೂ ತಾವೇ ಮಾಡಬೇಕು, ಯಾರಿಗೂ ಚುಕ್ಕಾಣಿ ಕೊಡಬಾರದು ಎಂಬ ಸ್ವಭಾವ ಅವರದು. ಒಂಟಿ ಕೋಣೆಯ ಕಚೇರಿಗೆ ಅದು ಶಕ್ತಿಯಾಗಿತ್ತು, ದೊಡ್ಡ ಸಂಸ್ಥೆಗೆ ಹೊರೆಯಾಯಿತು. ಸೈನಿಕರ ಹೆಸರಿನ ಲೆಕ್ಕ ಅಷ್ಟು ಅಚ್ಚುಕಟ್ಟಾಗಿ ಇಟ್ಟವರ ಮೇಲೆ, ಹಣದ ಲೆಕ್ಕ ಸರಿಯಿಲ್ಲ ಎಂಬ ಆರೋಪ ಬಂತು. 1904ರಲ್ಲಿ ನೊಂದು ರಾಜೀನಾಮೆ ಕೊಟ್ಟರು. ಕೆಲಸವಿಲ್ಲದ ದಿನಗಳಲ್ಲಿ ಖಿನ್ನತೆ ಅವರನ್ನು ಮೊದಲಿನಿಂದಲೂ ಕಾಡುತ್ತಿತ್ತು. ಮೇರಿಲ್ಯಾಂಡಿನ ಗ್ಲೆನ್ ಎಕೋದ ಮನೆಯಲ್ಲಿ 1912ರ ಏಪ್ರಿಲ್ 12ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಸೆವೆಂತ್ ಸ್ಟ್ರೀಟಿನ ಆ ಕಟ್ಟಡವನ್ನು ಎಲ್ಲರೂ ಮರೆತರು. ಕೆಳಗೆ ಬೂಟಿನ ಅಂಗಡಿ ನಡೆಯುತ್ತಿತ್ತು, ಮೇಲಿನ ಮಹಡಿ ದಶಕಗಳ ಕಾಲ ಮುಚ್ಚಿಕೊಂಡಿತ್ತು. 1996ರಲ್ಲಿ ಕಟ್ಟಡ ಕೆಡವುವ ಮೊದಲು ಒಮ್ಮೆ ನೋಡಿ ಬರಲೆಂದು ಸರ್ಕಾರದ ಬಡಗಿಯೊಬ್ಬರು ಮೇಲೆ ಹತ್ತಿದರು. ಅಟ್ಟದ ಕತ್ತಲಲ್ಲಿ ಹಳೆಯ ಕಾಗದಗಳು, ಬಟ್ಟೆಗಳು, ಪತ್ರಿಕೆಗಳ ನಡುವೆ ತಗಡಿನ ಫಲಕವೊಂದು ಸಿಕ್ಕಿತು. ಕಾಣೆಯಾದ ಸೈನಿಕರ ಕಚೇರಿ, ಮೂರನೇ ಮಹಡಿ, ಕೋಣೆ ಸಂಖ್ಯೆ 9, ಮಿಸ್ ಕ್ಲಾರಾ ಬಾರ್ಟನ್ ಎಂದು ಅದರಲ್ಲಿ ಬರೆದಿತ್ತು. ಕೆಡವುವ ಯೋಜನೆ ಕೈಬಿಟ್ಟರು. 2015ರಿಂದ ಆ ಮಹಡಿ ವಸ್ತುಸಂಗ್ರಹಾಲಯವಾಗಿದೆ.